ಹಳ್ಳಿಯವನಾದ್ರೂ ಚೆನ್ನಾಗಿ ಹಾಡ್ತಾನೆ

ಗ್ರ್ಯಾಂಡ್ ಫಿನಾಲೆ ಅನ್ನೋದು ಒಂದು ವಿಚಿತ್ರ ಪರೀಕ್ಷೆ. ತಿಂಗಳುಗಟ್ಟಲೆ ಹಾಡಿ ಉಳಿದುಕೊಂಡ ಕೆಲವೇ ಜನ ಒಂದೇ ರಾತ್ರಿ ವೇದಿಕೆಗೆ ಬರ್ತಾರೆ. ಅಷ್ಟೊತ್ತಿಗೆ ಶ್ರುತಿ ತಪ್ಪುವವರೆಲ್ಲ ಮನೆ ಸೇರಿರ್ತಾರೆ. ಉಳಿದವರ ನಡುವಿನ ವ್ಯತ್ಯಾಸ ಕೂದಲೆಳೆಯಷ್ಟು. ಆ ಕೂದಲೆಳೆಯನ್ನು ಅಳೆಯೋಕೆ ಸೋಫಾ ಮೇಲೆ ಕೂತ ನಾವೆಲ್ಲ ಟೇಪು ಹಿಡಿದು ಸಿದ್ಧ. ಸೋಮವಾರ ಆಫೀಸಿನ ಕೆಫೆಟೇರಿಯಾದಲ್ಲಿ ತೀರ್ಪು ಪ್ರಕಟ.

2019ರ ಆರಂಭದಲ್ಲಿ ಜೀ ಕನ್ನಡದ ಸರಿಗಮಪ ಸೀಸನ್ 15 ಮುಗಿದಾಗ ಈ ತೀರ್ಪಿನ ಗಲಾಟೆ ಸ್ವಲ್ಪ ಜೋರಾಗಿಯೇ ಇತ್ತು. ಕೀರ್ತನ್ ಹೊಳ್ಳ ಗೆದ್ದಿದ್ದರು. ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ರನ್ನರ್ ಅಪ್. ನಮ್ಮ ಟೀಮಿನ ಊಟದ ಟೇಬಲ್ಲಿನಲ್ಲಿ ಎರಡು ಪಕ್ಷ. ಒಂದು ಪಕ್ಷದ ವಾದ: "ಹನುಮಂತ ಅಷ್ಟು ದೂರ ಬಂದಿದ್ದೇ ಸಿಂಪಥಿ ಮೇಲೆ. ಹಾಡಿಗಲ್ಲ, ಕಥೆಗೆ." ಇನ್ನೊಂದು ಪಕ್ಷದ ವಾದ: "ಪಾಪ, ಎಷ್ಟು ಮುಗ್ಧ. ಹಳ್ಳಿಯವನಾದ್ರೂ ಎಷ್ಟು ಚೆನ್ನಾಗಿ ಹಾಡ್ತಾನೆ! ಅವನಿಗೇ ಕೊಡಬೇಕಿತ್ತು."

ಎರಡು ವಿಷಯ ನನ್ನ ಕಿವಿಗೆ ಬಿತ್ತು. ಒಂದು, ಅರ್ಧ ಗಂಟೆ ನಡೆದ ಆ ಜಗಳದಲ್ಲಿ ಎರಡೂ ಪಕ್ಷದವರು ಹಾಡಿನ ಬಗ್ಗೆ ಹೆಚ್ಚುಕಡಿಮೆ ಏನೂ ಮಾತಾಡಲಿಲ್ಲ. ಇನ್ನೊಂದು, ಉಳಿದ ಗಾಯಕರೆಲ್ಲ "ಅವರು", ಹನುಮಂತ ಮಾತ್ರ "ಅವನು". ಅದರಲ್ಲಿ ಪ್ರೀತಿ ಇಲ್ಲ ಅಂತಲ್ಲ. ಆದ್ರೆ ಕನ್ನಡದಲ್ಲಿ ಏಕವಚನಕ್ಕೆ ಪ್ರೀತಿಯೂ ಒಂದು ಅರ್ಥ, ಸದರವೂ ಒಂದು ಅರ್ಥ. ಯಾವುದು ಎಲ್ಲಿ ಮುಗಿಯತ್ತೆ, ಯಾವುದು ಎಲ್ಲಿ ಶುರುವಾಗತ್ತೆ ಅಂತ ಹೇಳೋದು ಕಷ್ಟ.

ಅವತ್ತು ಆ ಟೇಬಲ್ಲಿನಲ್ಲಿ ಆಗದೇ ಹೋದ ಮಾತನ್ನು ಇಲ್ಲಿ ಆಡ್ತೀನಿ. ಅಂದ್ರೆ ಹಾಡಿನ ಮಾತು.

ಫಿನಾಲೆಯ ಹಾಡು ಕೇಳುವಾಗ ಶ್ರುತಿ, ತಾಳ ನಾನು ನೋಡೋದೇ ಇಲ್ಲ. ಅದಿಲ್ಲದೆ ಯಾರೂ ಅಲ್ಲಿಗೆ ಬಂದಿರಲ್ಲ. ಮೇಲಿನ ಸ್ವರಕ್ಕೂ ನಾನು ಅಷ್ಟು ಬೇಗ ಬೀಳಲ್ಲ. ಗಾಯಕ ಮೇಲೆ ಹೋದ ತಕ್ಷಣ ಡ್ರಮ್ಸ್ ಏರತ್ತೆ, ಕೋರಸ್ ಸೇರಿಕೊಳ್ಳತ್ತೆ, ಲೈಟು ಹೊಡೆಯತ್ತೆ, ತೀರ್ಪುಗಾರರು ಎದ್ದು ನಿಲ್ತಾರೆ. ಅಷ್ಟೆಲ್ಲ ಸಹಾಯ ಇದ್ದಾಗ ನಮಗೂ ರೋಮಾಂಚನ ಆಗತ್ತೆ, ಅದರ ಪೂರ್ತಿ ಕ್ರೆಡಿಟ್ಟು ಗಾಯಕರಿಗೆ ಕೊಟ್ಟುಬಿಡ್ತೀವಿ. ನಾನು ಕಾಯೋದು ಕೆಳಗಿನ ಸ್ವರಕ್ಕೆ. ವಾದ್ಯಗಳೆಲ್ಲ ಸುಮ್ಮನಾಗಿ ಮಂದ್ರದಲ್ಲಿ ಒಂದು ಸಾಲು ಬರತ್ತಲ್ಲ, ಅಲ್ಲಿ ಬಚ್ಚಿಟ್ಟುಕೊಳ್ಳೋಕೆ ಜಾಗ ಇರಲ್ಲ. ಆಮೇಲೆ ಉಸಿರು. ಪದದ ಮಧ್ಯೆ ತಗೊಂಡ್ರಾ, ಅರ್ಥ ಮುಗಿದ ಮೇಲೆ ತಗೊಂಡ್ರಾ? ಕೊನೆಗೆ ಇನ್ನೊಂದು: ಹಾಡು ಮುಗಿದಾಗ ಮೂಲ ಗಾಯಕರು ನೆನಪಾದ್ರಾ, ಇವರೇ ನೆನಪಲ್ಲಿ ಉಳಿದ್ರಾ?

ಈ ಪಟ್ಟಿ ಹಿಡಿದು ನೋಡಿದರೆ ಕೀರ್ತನ್ ಹೊಳ್ಳ ಗೆದ್ದಿದ್ದರಲ್ಲಿ ನನಗೆ ತಕರಾರಿಲ್ಲ. ಎಂಥ ಹಾಡು ಕೊಟ್ಟರೂ ಅವರ ದನಿ ತಡವರಿಸುತ್ತಿರಲಿಲ್ಲ. ಅದೇ ಸೀಸನ್‌ನಲ್ಲಿದ್ದ ನಿಹಾಲ್ ತಾವ್ರೊ ಅವರದು ಮೈಕಿಗೆಂದೇ ಮಾಡಿದಂಥ ಮೃದು ದನಿ. ಮುಂದೆ 2021ರಲ್ಲಿ ಇಂಡಿಯನ್ ಐಡಲ್ 12ರ ಕೊನೆಯ ಆರು ಜನರಲ್ಲಿ ಅವರೂ ಒಬ್ಬರಾದರು.

ಹನುಮಂತ ಅವರದು ಬೇರೆಯೇ ಶಾಲೆ. ತತ್ವಪದ, ಜಾನಪದ ಹಾಡುವವರ ಗಂಟಲು ಬಯಲಿನಲ್ಲಿ ತಯಾರಾಗತ್ತೆ. ಮೈಕು ಇಲ್ಲ, ಮಾನಿಟರ್ ಇಲ್ಲ. ದನಿಯನ್ನು ದೂರಕ್ಕೆ ಎಸೆಯಬೇಕು. ಸಾಲಿನ ಕೊನೆಯ ಸ್ವರವನ್ನು ಎಳೆದು ಹಿಡಿದು, ತಾಳಕ್ಕೆ ಸರಿಯಾಗಿ ಇಳಿಸಬೇಕು. ಸಿನಿಮಾ ಮೆಲೋಡಿಗೆ ಬೇಕಾಗಿರೋದು ಇದಕ್ಕೆ ಪೂರ್ತಿ ಉಲ್ಟಾ. ಮೈಕಿನ ಹತ್ತಿರ ಬಂದು ಗುಟ್ಟು ಹೇಳಿದ ಹಾಗೆ ಹಾಡಬೇಕು. ಹಾಗಾಗಿ ಮೆಲೋಡಿ ಹಾಡಿದಾಗ ಹನುಮಂತ ಅವರಲ್ಲಿ ಕಲಿಯುವವರ ಎಚ್ಚರ ಕಾಣ್ತಿತ್ತು. ಜಾನಪದಕ್ಕೆ ಬಂದ ತಕ್ಷಣ ಲೆಕ್ಕ ತಿರುಗಿಬಿಡ್ತಿತ್ತು. ಅದೇ ಮಟ್ಟನ್ನು ಬೇರೆಯವರು ಹಾಡಿದಾಗ ನೆಂಟರ ಮನೆಗೆ ಬಂದವರ ಥರ ಕೇಳ್ತಿತ್ತು. ಬಹುಪಾಲು ಸಿನಿಮಾ ಹಾಡುಗಳೇ ಇರುವ ಸ್ಪರ್ಧೆಯಲ್ಲಿ ಎರಡನೇ ಸ್ಥಾನ ನನ್ನ ಪ್ರಕಾರ ಸರಿಯಾದ ಮಾರ್ಕು. ಹತ್ತು ಸುತ್ತಿನಲ್ಲಿ ಏಳು ಸುತ್ತು ತತ್ವಪದ ಇಟ್ಟಿದ್ದರೆ ಮೊದಲನೇ ಸ್ಥಾನ ಸರಿಯಾದ ಮಾರ್ಕು. ಇದರಲ್ಲಿ ಸಿಂಪಥಿಯೂ ಇಲ್ಲ, ಡಿಸ್ಕೌಂಟೂ ಇಲ್ಲ.

ಇಷ್ಟು ಸರಳವಾದ ಮಾತು ಆ ಟೇಬಲ್ಲಿನಲ್ಲಿ ಯಾಕೆ ಬರಲಿಲ್ಲ? ನನಗನ್ನಿಸೋದು, "ಹಳ್ಳಿಯವನಾದ್ರೂ" ಅನ್ನೋ ಪದ ಮೊದಲೇ ಬಂದು ಕೂತಿತ್ತು. ಆ "ಆದ್ರೂ" ಬಂದ ಮೇಲೆ ಹಾಡು ಕೇಳೋ ಅಗತ್ಯ ಇರಲ್ಲ. ಇಷ್ಟಪಡೋರು ಅದಕ್ಕಾಗಿ ಹತ್ತು ಮಾರ್ಕು ಸೇರಿಸ್ತಾರೆ, ಇಷ್ಟವಿಲ್ಲದವರು ಅದೇ ಹತ್ತು ಮಾರ್ಕು ಕಳೀತಾರೆ.

ಈ ಪದದ ಪರಿಚಯ ನನಗೆ ಚೆನ್ನಾಗಿದೆ. ಒಂದು ವರ್ಷದ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ನಿಜವಾದ ಅಕ್ಕರೆಯಿಂದಲೇ, "ಹಳ್ಳಿಯಿಂದ ಬಂದ್ರೂ ಕ್ಲೈಂಟ್ ಕಾಲ್ ತುಂಬಾ ಚೆನ್ನಾಗಿ ಹ್ಯಾಂಡಲ್ ಮಾಡ್ತೀರಿ" ಅಂದರು. ಥ್ಯಾಂಕ್ಸ್ ಅಂದೆ. ಆ ವರ್ಷ ಇಡೀ ಪೇಮೆಂಟ್ ಮಾಡ್ಯೂಲನ್ನು ನಾನು ಹೊಸದಾಗಿ ಬರೆದಿದ್ದೆ. ಅದರ ಬಗ್ಗೆ, ಚೆನ್ನಾಗಿದೆ ಅಂತಲೂ ಕೆಟ್ಟದಾಗಿದೆ ಅಂತಲೂ, ಒಂದು ಸಾಲು ಬರಲಿಲ್ಲ. ಬೈದಿದ್ದರೂ ಖುಷಿಯಾಗ್ತಿತ್ತು. ಕೋಡ್ ಓದಿದ್ದಾರೆ ಅಂತಾದರೂ ಗೊತ್ತಾಗ್ತಿತ್ತು.

ಹಳ್ಳಿಯ ಜನ ಭಾವುಕರು, ತಮ್ಮವನು ಅಂತ ಕಣ್ಣುಮುಚ್ಚಿ ಮಾರ್ಕು ಕೊಡ್ತಾರೆ ಅನ್ನೋದು ಸಿಟಿಯವರ ಕಲ್ಪನೆ. ಗದಗ ಜಿಲ್ಲೆಯ ನಮ್ಮೂರ ಮಠದಲ್ಲಿ ಅಮಾವಾಸ್ಯೆಗೆ ರಾತ್ರಿಯಿಡೀ ಭಜನೆ. ಒಂದು ಪೇಟಿ, ಒಂದು ದಮ್ಮಡಿ, ನಾಲ್ಕು ಜೋಡಿ ತಾಳ. ಅಲ್ಲಿ ಹಾಡುವವನು ಲಯ ತಪ್ಪಿದರೆ ದಮ್ಮಡಿ ಬಡಿಯುವ ಹಿರಿಯರು ಏನೂ ಅನ್ನಲ್ಲ, ಕೈ ನಿಲ್ಲಿಸಿಬಿಡ್ತಾರೆ. ಆ ಮೌನ ಎಂಥ ಎಲಿಮಿನೇಷನ್ ರೌಂಡಿಗೂ ಕಡಿಮೆ ಇಲ್ಲ. ಹಾಡುವವನು ಬಡವ, ಕೂಲಿಯವನು, ಮುಗ್ಧ ಅಂತ ಯಾರೂ ತಾಳ ಸಡಿಲ ಬಿಡಲ್ಲ. ಅಲ್ಲಿರೋರೆಲ್ಲ ಹಳ್ಳಿಯವರೇ ಆಗಿರೋದರಿಂದ "ಆದ್ರೂ" ಅನ್ನೋದಕ್ಕೆ ಜಾಗವೇ ಇಲ್ಲ.

ಫಿನಾಲೆ ಮುಗಿದ ಮೇಲೆ ಅವ್ವನಿಗೆ ಫೋನ್ ಮಾಡಿದ್ದೆ. ಅವಳು ಬೇಜಾರಾಗಿದ್ದಳು, ಆದರೆ ಲೆಕ್ಕ ತಪ್ಪಿರಲಿಲ್ಲ. "ನಮ್ ಕಡೆ ಹುಡುಗ ಗೆಲ್ಲಲಿಲ್ಲಂತ ಬ್ಯಾಸರ ಆತು ಖರೆ. ಆದ್ರ ತಮ್ಮಾ, ಆ ಸಿನಿಮಾ ಹಾಡಿನ್ಯಾಗ ಅವನ ದನಿ ಕುಂತ್ಬಿಡ್ತತಿ. ಅದು ಬಯಲಾಗಿನ ದನಿ, ಖೋಲಿಯಾಗ ಹಿಡಿಯೂದಿಲ್ಲ" ಅಂದಳು. ಅವಳೂ "ಅವ" ಅಂತಲೇ ಅಂದಳು. ಆದರೆ ಆ ಏಕವಚನದ ಹಿಂದೆ ಹಾಡನ್ನು ಪೂರ್ತಿ ಕೇಳಿದ ಕಿವಿ ಇತ್ತು.

ಇಂಥದೇ ಕಿವಿ ಟಿವಿಯಲ್ಲೂ ಇತ್ತು. ಈಟಿವಿ ಕನ್ನಡದ "ಎದೆ ತುಂಬಿ ಹಾಡುವೆನು" ನೋಡಿ ಬೆಳೆದವರಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ರೀತಿ ನೆನಪಿರತ್ತೆ. ಯಾವ ಅಕ್ಷರ ಜಾರಿತು, ಉಸಿರು ಎಲ್ಲಿ ತಗೋಬೇಕಿತ್ತು ಅಂತ ನಗುತ್ತಲೇ ಹೇಳಿ, ಆ ಜಾಗವನ್ನು ತಾವೇ ಹಾಡಿ ತೋರಿಸ್ತಿದ್ದರು. ಪುಟ್ಟ ಹುಡುಗ ಹಾಡಿದರೂ ಅಷ್ಟೇ ಗಮನ ಇಟ್ಟು ಕೇಳ್ತಿದ್ದರು. ಗೌರವ ಅಂದ್ರೆ ಅದೇ ಅಂತ ಆಗ ನನಗೆ ಗೊತ್ತಿರಲಿಲ್ಲ.

ಜನ ಕೊಡೋ ತೀರ್ಪು ಯಾವಾಗಲೂ ತಪ್ಪು ಅಂತ ನಾನು ಹೇಳ್ತಿಲ್ಲ. ಅದು ಬೇರೆ ಪ್ರಶ್ನೆಗೆ ಉತ್ತರ, ಅಷ್ಟೆ. 2005ರ ಫೇಮ್ ಗುರುಕುಲ್ ಸ್ಪರ್ಧೆಯಲ್ಲಿ ಅರಿಜಿತ್ ಸಿಂಗ್ ಗೆಲ್ಲಲಿಲ್ಲ. ಆ ವರ್ಷ ಜನರಿಗೆ ಯಾರು ಇಷ್ಟವಾದರು ಅನ್ನೋದಕ್ಕೆ ಆ ಫಲಿತಾಂಶ ಸರಿಯಾದ ಉತ್ತರವೇ. ಹತ್ತು ವರ್ಷದ ನಂತರ ಯಾರ ಹಾಡು ಕೇಳ್ತಾರೆ ಅನ್ನೋದು ಅಲ್ಲಿ ಕೇಳಿದ ಪ್ರಶ್ನೆಯೇ ಆಗಿರಲಿಲ್ಲ. ಹನುಮಂತ ಅವರ ವಿಷಯದಲ್ಲೂ ಹೀಗೇ. ವೈಲ್ಡ್ ಕಾರ್ಡ್ ಮೂಲಕ ಒಳಗೆ ಹೋಗಿ, 2025ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡ ಸೀಸನ್ 11 ಗೆದ್ದರು. ಅಲ್ಲಿ ಕೇಳಿದ್ದೇ ಮನುಷ್ಯ ಇಷ್ಟವಾದನಾ ಅಂತ. ಜನ ಹೌದು ಅಂದರು. ಅದು ಅವರಿಗೆ ಸಲ್ಲಬೇಕಾದ ಗೆಲುವು. ಆದರೆ ಆ ಟ್ರೋಫಿ ಬಂತು ಅಂತ ಹಾಡಿನ ಲೆಕ್ಕ ಚುಕ್ತಾ ಆಗಲ್ಲ. ಅವರ ತತ್ವಪದದ ಬಗ್ಗೆ ಆಗಬೇಕಾದ ಮಾತು ಇನ್ನೂ ಬಾಕಿ ಇದೆ.

ಮುಂದಿನ ಫಿನಾಲೆಗೆ ನನ್ನದೊಂದು ಸಲಹೆ. ಹಾಡಿಗೆ ಮೊದಲು ಸ್ಪರ್ಧಿಯ ಮನೆ, ಹೊಲ, ಅಳುವ ಅಮ್ಮನನ್ನು ತೋರಿಸೋ ವಿಡಿಯೋ ಬರತ್ತಲ್ಲ, ಆಗ ಎದ್ದು ಹೋಗಿ ಟೀ ಮಾಡಿಕೊಳ್ಳಿ. ಹಾಡು ಶುರುವಾದಾಗ ಬಂದು ಕೂತು, ಟಿವಿ ಕಡೆ ಬೆನ್ನು ಮಾಡಿ ಒಂದು ಚರಣ ಕೇಳಿ. ಆಮೇಲೆ ಮಾರ್ಕು ಹಾಕಿ. ಕಡಿಮೆ ಬಂದರೆ ಕಡಿಮೆಯೇ ಹಾಕಿ, ಹಳ್ಳಿಯವರು ಬೇಜಾರು ಮಾಡ್ಕೊಳ್ಳಲ್ಲ.