ಲೆಕ್ಕದಲ್ಲಿಲ್ಲದ ಅಣ್ಣ

ಆರು ತಿಂಗಳಿಗೊಮ್ಮೆ ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳು ಪ್ರಗತಿ ವರದಿ ಕೊಡಬೇಕು. ಎಷ್ಟು ಓದಿದೆ, ಎಷ್ಟು ಬರೆದೆ, ಎಷ್ಟು ಬಾಕಿ ಇದೆ ಅಂತ ಬರೆದು, ಗೈಡ್ ಸಹಿ ಹಾಕಿಸಿ ಆಫೀಸಿಗೆ ಮುಟ್ಟಿಸಿದರೆ ಮುಂದಿನ ಆರು ತಿಂಗಳು ಯಾರೂ ಕೇಳುವುದಿಲ್ಲ. ನಾನು ಪಿಎಚ್.ಡಿ.ಗೆ ಆರಿಸಿಕೊಂಡ ವಿಷಯವೂ ಒಂದು ರೀತಿಯಲ್ಲಿ ಪ್ರಗತಿ ವರದಿಗಳದ್ದೇ. ಡುರಾಂಡ್ ಗಡಿಯ ಆ ಬದಿ ಅಫ್ಘಾನಿಸ್ತಾನದಲ್ಲಿ ಅಮೆರಿಕ ಮತ್ತು ನ್ಯಾಟೋ ಪಡೆಗಳು, ಈ ಬದಿ ಬುಡಕಟ್ಟು ಪ್ರದೇಶಗಳಲ್ಲಿ ಪಾಕಿಸ್ತಾನದ ಸೇನೆ, ಬಂಡುಕೋರರ ವಿರುದ್ಧ ನಡೆಸಿದ ಕಾರ್ಯಾಚರಣೆಗಳನ್ನು ಹೋಲಿಸುವುದು ನನ್ನ ಕೆಲಸ. ಎಷ್ಟು ಸೈನಿಕರು ಸತ್ತರು, ಅದಕ್ಕೆ ಪ್ರತಿಯಾಗಿ ಏನು ಸಿಕ್ಕಿತು? ಸಿನಾಪ್ಸಿಸ್ ಬರೆಯುವಾಗ ಇದು ಬಹಳ ಸರಳ ಪ್ರಶ್ನೆ ಅನ್ನಿಸಿತ್ತು.

2021ರ ಶುರುವಿನಲ್ಲಿ, ಕೊರೋನಾ ಮೊದಲ ಅಲೆ ತಗ್ಗಿ ಮೈಸೂರಿನ ನಮ್ಮ ಹಾಸ್ಟೆಲ್ ಇನ್ನೂ ಅರ್ಧ ಖಾಲಿಯಿದ್ದಾಗ, ಒಂದು ರಾತ್ರಿ ಎಕ್ಸೆಲ್ ಹಾಳೆ ತೆರೆದುಕೊಂಡು ಕೂತಿದ್ದೆ. ವರ್ಷಗಳು ಕೆಳಗೆ, ಅಂಕಣಗಳು ಅಡ್ಡ. ಅಮೆರಿಕದ ಅಂಕಣ ಚೆಂದವಾಗಿ ತುಂಬಿತ್ತು. 2010ರಲ್ಲಿ ಸುಮಾರು 500 ಸೈನಿಕರ ಸಾವು, ಆ ಇಡೀ ಯುದ್ಧದಲ್ಲೇ ಅತಿ ಹೆಚ್ಚು. 2014ರ ಕೊನೆಗೆ ನ್ಯಾಟೋ ತನ್ನ ಯುದ್ಧ ಕಾರ್ಯಾಚರಣೆ ಮುಗಿಯಿತೆಂದು ಘೋಷಿಸಿತು. ಮರುವರ್ಷ ಆ ಸಂಖ್ಯೆ ಇಪ್ಪತ್ತರ ಆಸುಪಾಸಿಗೆ ಇಳಿಯಿತು. ಗ್ರಾಫ್ ಹಾಕಿದರೆ ಬೆಟ್ಟದಿಂದ ಇಳಿಯುವ ದಾರಿಯ ಹಾಗೆ ಕಾಣುತ್ತಿತ್ತು.

ಪಕ್ಕದ ರೂಮಿನ ಗೆಳೆಯ ಗ್ರೀನ್ ಟೀ ಲೋಟ ಹಿಡಿದು ಬಂದ. ಅಫ್ಘಾನಿಸ್ತಾನದವನು, ಸ್ಕಾಲರ್‌ಶಿಪ್ ಮೇಲೆ ಇಲ್ಲಿ ಎಂ.ಎ. ಓದುತ್ತಿದ್ದ. ನನ್ನ ಹಿಂದೆ ನಿಂತು ಪರದೆ ನೋಡುತ್ತಾ, ಅಫ್ಘನ್ ಸೇನೆಯ ಅಂಕಣದ ಮೇಲೆ ಬೆರಳಿಟ್ಟ.

'ಭಾಯ್, 2018ರಲ್ಲಿ ಸೊನ್ನೆಯಾ?'

2016ರವರೆಗೆ ಅಲ್ಲಿ ಅಂಕಿಗಳಿದ್ದವು. ಆ ವರ್ಷ ನವೆಂಬರ್ 12ರವರೆಗೆ ಸತ್ತ ಅಫ್ಘನ್ ಸೈನಿಕರು, ಪೊಲೀಸರು 6,785. ಅದರ ಮುಂದಿನ ವರ್ಷ, ಅಫ್ಘನ್ ಸರಕಾರದ ಕೋರಿಕೆಯಂತೆ, ಅಮೆರಿಕ ಈ ಅಂಕಿಗಳನ್ನು ಗುಟ್ಟಾಗಿಟ್ಟಿತು. ಖಾಲಿ ಬಿಟ್ಟರೆ ಗ್ರಾಫ್ ನಡುವೆ ತುಂಡಾಗುತ್ತಿತ್ತು. ಆಮೇಲೆ ಸರಿಮಾಡಿದರಾಯಿತು ಅಂತ ನಾನೇ ಸೊನ್ನೆ ಹಾಕಿಟ್ಟಿದ್ದೆ. ಅದನ್ನೇ ಅವನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

'ನಮ್ಮ ಲಾಲಾ ಹೋಗಿದ್ದು 2018ರಲ್ಲಿ. ಗಜ್ನಿ ಹತ್ತಿರ.'

ಲಾಲಾ ಅಂದರೆ ಅವರ ಕಡೆ ಅಣ್ಣ. ಒಂದೂವರೆ ವರ್ಷ ಅಕ್ಕಪಕ್ಕದ ರೂಮಿನಲ್ಲಿದ್ದೆವು. ಅವನಿಗೆ ಸೈನ್ಯದಲ್ಲಿ ಅಣ್ಣನೊಬ್ಬ ಇದ್ದನೆಂದು ನನಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ. ಅವನ ದೇಶದ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದವನು ನಾನು. ಅವನು ಬೈಯಲಿಲ್ಲ. 'ಸೊನ್ನೆ ಬೇಡ, ಖಾಲಿ ಬಿಡು' ಅಂದು ಲೋಟ ತೊಳೆಯಲು ಹೋದ.

ಆ ರಾತ್ರಿಯ ನಂತರ ಇಡೀ ಹಾಳೆಯನ್ನು ಮತ್ತೆ ಓದಿದೆ. 2019ರ ಜನವರಿಯಲ್ಲಿ ಅಧ್ಯಕ್ಷ ಅಶ್ರಫ್ ಘನಿ ದಾವೋಸ್‌ನಲ್ಲಿ ಹೇಳಿದ ಎರಡು ಅಂಕಿಗಳು ನನ್ನ ನೋಟ್ಸಿನಲ್ಲಿ ಮೊದಲೇ ಇದ್ದವು. 2014ರಲ್ಲಿ ತಾವು ಅಧಿಕಾರಕ್ಕೆ ಬಂದ ಮೇಲೆ ಸತ್ತ ಅಫ್ಘನ್ ಭದ್ರತಾ ಸಿಬ್ಬಂದಿ 45,000. ಅದೇ ಅವಧಿಯಲ್ಲಿ ಸತ್ತ ವಿದೇಶಿ ಸೈನಿಕರು 72ಕ್ಕಿಂತ ಕಡಿಮೆ. ಇದನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ನನ್ನ ಗ್ರಾಫಿನ ಇಳಿಜಾರಿಗೆ ಬೇರೆಯೇ ಅರ್ಥ ಬಂತು. ಸಾವು ಕಡಿಮೆಯಾಗಿರಲಿಲ್ಲ, ಸಾಯುವವರು ಬದಲಾಗಿದ್ದರು.

ಗಡಿಯ ಈ ಬದಿಯ ಅಂಕಣದಲ್ಲೂ ಇಂಥದ್ದೇ ಕತೆ. 2014ರ ಜೂನ್‌ನಲ್ಲಿ ಪಾಕಿಸ್ತಾನದ ಸೇನೆ ಉತ್ತರ ವಜೀರಿಸ್ತಾನದಲ್ಲಿ ಝರ್ಬ್-ಎ-ಅಝ್ಬ್ ಕಾರ್ಯಾಚರಣೆ ಶುರುಮಾಡಿತು. ಲಕ್ಷಾಂತರ ಜನ ಮನೆ ಬಿಟ್ಟು ಹೊರಟರು. ಎರಡು ವರ್ಷದ ನಂತರ ಸೇನೆ ಕೊಟ್ಟ ಲೆಕ್ಕ: ಸತ್ತ ಉಗ್ರರು 3,500, ಸೈನಿಕರು 490. ಪತ್ರಕರ್ತರು ತಾವಾಗಿ ಹೋಗಿ ನೋಡುವಂತಿರಲಿಲ್ಲ. ಆದರೂ ಪಾಕಿಸ್ತಾನದ ಊರುಗಳಲ್ಲಿ ಬಾಂಬು ಸಿಡಿಯುವುದು ಮುಂದಿನ ವರ್ಷಗಳಲ್ಲಿ ತಗ್ಗಿದ್ದು ನಿಜ. ಓಡಿಸಲ್ಪಟ್ಟವರಲ್ಲಿ ಅನೇಕರು ಗಡಿ ದಾಟಿ ಖೋಸ್ತ್, ಪಕ್ತಿಕಾ, ನಂಗರ್‌ಹಾರ್ ಕಡೆ ಸೇರಿಕೊಂಡದ್ದೂ ನಿಜ. 2015ರಲ್ಲಿ ಅಫ್ಘಾನಿಸ್ತಾನದಲ್ಲಿ ತಲೆಯೆತ್ತಿದ ಐಸಿಸ್ ಶಾಖೆಯ ಮೊದಲ ಮುಖ್ಯಸ್ಥ ಪಾಕಿಸ್ತಾನಿ ತಾಲಿಬಾನಿನಿಂದ ಹೋದವನೇ.

ನಮ್ಮೂರಿನಲ್ಲಿ ಮಳೆ ಜೋರಾದಾಗ ಕೆಲವರು ರಾತ್ರೋರಾತ್ರಿ ಬದು ಕಡಿದು ನೀರನ್ನು ಪಕ್ಕದವರ ಗದ್ದೆಗೆ ಬಿಡುತ್ತಾರೆ. ಬೆಳಿಗ್ಗೆ ಅವರ ಗದ್ದೆಯಷ್ಟೇ ನೋಡಿದವರಿಗೆ ನೀರು ಇಳಿದಿದೆ ಅನ್ನಿಸುತ್ತದೆ. ಎರಡು ನೆರೆಯ ಯುದ್ಧಗಳನ್ನು ಬೇರೆ ಬೇರೆ ಅಂಕಣದಲ್ಲಿಟ್ಟು ಯಾರು ಮುಂದು ಎಂದು ಕೇಳುತ್ತಿದ್ದ ನಾನೂ ಹಾಗೆಯೇ ಬದುವಿನ ಮೇಲೆ ನಿಂತು ಒಂದೊಂದೇ ಗದ್ದೆ ನೋಡುತ್ತಿದ್ದೆ.

'ಪ್ರಗತಿ' ಎಂಬ ಅಂಕಣದ ಗತಿಯೂ ಅಷ್ಟೇ. 2018ರ ಅಕ್ಟೋಬರ್ ಲೆಕ್ಕದಲ್ಲಿ ಕಾಬೂಲ್ ಸರಕಾರದ ಹಿಡಿತದಲ್ಲೋ ಪ್ರಭಾವದಲ್ಲೋ ಇದ್ದ ಜಿಲ್ಲೆಗಳು ಶೇ. 53.8. ಅದಾದ ಮೇಲೆ ನ್ಯಾಟೋ ಆ ಲೆಕ್ಕ ಮಾಡುವುದನ್ನೇ ನಿಲ್ಲಿಸಿತು. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ಕೈಸೇರಿದಾಗ ಜಗತ್ತಿಗೆ ಆಶ್ಚರ್ಯವಾಯಿತು. ನೀರು ತಿರುಗಿ ಈ ಬದಿಗೆ ಹರಿಯಲೂ ತಡವಾಗಲಿಲ್ಲ: ಪಾಕಿಸ್ತಾನದಲ್ಲಿ ದಾಳಿಗಳು ಮತ್ತೆ ಏರಿದವು. 2023ರ ಜನವರಿ 30ರಂದು ಪೇಶಾವರದ ಪೊಲೀಸ್ ಲೈನ್ಸ್ ಮಸೀದಿಯಲ್ಲಿ 80ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಪೊಲೀಸರು.

ಆ ಆಗಸ್ಟ್ 15, ನಮ್ಮ ಹಾಸ್ಟೆಲ್ ಅಂಗಳದಲ್ಲಿ ಬೆಳಿಗ್ಗೆ ಧ್ವಜ ಹಾರಿಸಿ ಸಿಹಿ ಹಂಚಿದ್ದರು. ಸಂಜೆ ಗೆಳೆಯ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನ್ ಮಾಡುತ್ತಲೇ ಇದ್ದ, ಲೈನ್ ಸಿಗುತ್ತಿರಲಿಲ್ಲ. ರಾತ್ರಿ ಅಮ್ಮನ ದನಿ ಕೇಳಿಸಿತು. ಮಾತು ಮುಗಿಸಿ ಬಂದವನು ಹೇಳಿದ: ಲಾಲಾನ ಯೂನಿಫಾರ್ಮಿನ ಫೋಟೋವನ್ನು ಅಮ್ಮ ಗೋಡೆಯಿಂದ ತೆಗೆದು ಬಚ್ಚಿಟ್ಟಿದ್ದಾರಂತೆ.

ಮುಂದಿನ ಪ್ರಗತಿ ವರದಿಯಲ್ಲಿ, ಮೂರನೇ ಅಧ್ಯಾಯವನ್ನು ಮೊದಲಿನಿಂದ ಬರೆಯಬೇಕಾಗಿದೆ ಎಂದು ಬರೆದೆ. 'ಹಿಂದಕ್ಕೆ ಹೋಗ್ತಿದೀಯಲ್ಲಪ್ಪ' ಅಂದರು ಗೈಡ್. ಹಾಳೆ ತೋರಿಸಿದೆ. 2017ರಿಂದಾಚೆ ಅಫ್ಘನ್ ಸೇನೆಯ ಸಾಲುಗಳಲ್ಲಿ ಈಗ ಸೊನ್ನೆಯಿಲ್ಲ, 'ಮುಚ್ಚಿಡಲಾಗಿದೆ' ಎಂದಿದೆ. ಗ್ರಾಫ್ ನಡುವೆ ತುಂಡಾಗಿದೆ. ಅವರು ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸಹಿ ಹಾಕಿದರು.