ಒಂದು ವಾಶರಿನ ಪಾಠ

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಕೇಳದವರು ಯಾರು? ಆದರೆ ಕಳೆದ ಮಳೆಗಾಲದ ಒಂದು ಭಾನುವಾರ ನಮ್ಮ ಕೈ ಕೆಸರಾಗಲಿಲ್ಲ, ಮೊಣಕೈವರೆಗೆ ಕರ್ರಗಾಯಿತು. ಮೊಸರು ಸಿಗುವುದಿರಲಿ, ರಾತ್ರಿಯ ನಿದ್ದೆಯೂ ಹೋಯಿತು. ಆ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇವೆ. ನಾವೆಂದರೆ ಅಕ್ಕ ಮತ್ತು ತಮ್ಮ. ಒಬ್ಬರದು ಹತ್ತನೆಯ ತರಗತಿ, ಇನ್ನೊಬ್ಬರದು ಎಂಟನೆಯದು.

ನಮ್ಮ ಮನೆ ಕಾಸರಗೋಡು ಪೇಟೆಯಿಂದ ಬಹಳ ಒಳಗೆ, ಅಡಿಕೆ ತೋಟದ ಪಕ್ಕದಲ್ಲಿದೆ. ಅಪ್ಪ ದಿನವೂ ಬೆಳಿಗ್ಗೆ ಆರು ಗಂಟೆಗೆ ಹಳೆಯ 100 ಸಿಸಿ ಬೈಕಿನಲ್ಲಿ ಪೇಟೆಗೆ ಕೆಲಸಕ್ಕೆ ಹೋಗುತ್ತಾರೆ. ಬೈಕು ನಿಂತರೆ ಆ ದಿನದ ಸಂಬಳವೂ ನಿಂತಂತೆಯೇ. ಅದರ ಎಂಜಿನ್ ಎಣ್ಣೆ ಬದಲಾಯಿಸುವ ಸಮಯ ಬಂದಿತ್ತು. ಗ್ಯಾರೇಜಿನ ಕೂಲಿಯನ್ನು ಉಳಿಸೋಣವೆಂದು ನಾವೇ ಮುಂದಾದೆವು. ಅಪ್ಪ ಒಂದು ಲೀಟರಿನ ಎಣ್ಣೆಯ ಡಬ್ಬಿಯನ್ನೂ 17 ನಂಬರಿನ ಸ್ಪಾನರನ್ನೂ ಕೊಟ್ಟು, “ಪುಸ್ತಕ ಓದಿಯೇ ಮಾಡಿ ಮಕ್ಕಳೇ” ಎಂದು ಹೇಳಿ ಬಸ್ಸು ಹತ್ತಿ ಒಂದು ಮದುವೆಗೆ ಹೋದರು.

ಜಗಲಿಯಲ್ಲಿ ಕುಳಿತಿದ್ದ ಅಜ್ಜ, “ಎಂತಕ್ಕೆ ಇಷ್ಟು ಕಷ್ಟ? ಎಣ್ಣೆಯನ್ನು ಪೆಟ್ರೋಲಿಗೆ ಬೆರೆಸಿದರಾಯಿತಲ್ಲ!” ಎಂದರು. ಅಜ್ಜನ ಬಳಿ ಹಿಂದೆ ಯೆಜ್ಡಿ ಇತ್ತು. 1996ರವರೆಗೆ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಆ ಬೈಕಿನದು ಟು ಸ್ಟ್ರೋಕ್ ಎಂಜಿನು. ಅದರಲ್ಲಿ ಎಣ್ಣೆಯು ಪೆಟ್ರೋಲಿನೊಡನೆ ಉರಿದುಹೋಗುತ್ತದೆ. ನಮ್ಮದು ಫೋರ್ ಸ್ಟ್ರೋಕ್. ಇದರಲ್ಲಿ ಎಣ್ಣೆ ಎಂಜಿನಿನ ಅಡಿಯಲ್ಲಿ ನಿಂತು ಪಿಸ್ಟನ್, ಗೇರು, ಕ್ಲಚ್ಚು ಎಲ್ಲಕ್ಕೂ ತಾನೇ ಓಡಾಡಿ ಕೆಲಸ ಮಾಡುತ್ತದೆ. ದುಡಿದು ದುಡಿದು ಕಪ್ಪಾಗುತ್ತದೆ. ಆದುದರಿಂದಲೇ ಅದನ್ನು ಬದಲಾಯಿಸಬೇಕು.

ಇಂಗ್ಲಿಷಿನಲ್ಲಿದ್ದ ಪುಸ್ತಕವನ್ನು ನಿಘಂಟು ಹಿಡಿದು ಓದಿದೆವು. ಎಂಜಿನನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿಮಾಡಿ ನಿಲ್ಲಿಸಿದೆವು. ಎಣ್ಣೆ ಬಿಸಿಯಾದರೆ ತೆಳ್ಳಗಾಗಿ ಪೂರ್ತಿ ಇಳಿಯುತ್ತದೆ. ಅಡಿಯಲ್ಲಿ ಬೋಗುಣಿಯಿಟ್ಟು ಬೋಲ್ಟನ್ನು ಬಿಚ್ಚಿದೆವು. ಬೋಲ್ಟು ಕೈಜಾರಿ ಎಣ್ಣೆಯೊಳಗೆ ಬಿತ್ತು. ಅದನ್ನು ಹುಡುಕಿ ತೆಗೆದು, ಒರೆಸಿ, ಎಣ್ಣೆ ಇಳಿದ ಮೇಲೆ ತಿರುಗಿ ಹಾಕಿದೆವು. ಅಷ್ಟರಲ್ಲಿ ಮಳೆ ಬಂದಿತು. ಬೈಕನ್ನು ತಳ್ಳಿಕೊಂಡು ಹೋಗಿ ಕೊಟ್ಟಿಗೆಯಲ್ಲಿ ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹೊಸ ಎಣ್ಣೆ ಸುರಿದೆವು. ಪುಸ್ತಕದಲ್ಲಿದ್ದ ಲೆಕ್ಕ 800 ಮಿಲಿಲೀಟರು. ಆದರೆ ಅಳತೆಯ ಕಡ್ಡಿಯನ್ನು ಅದ್ದಿ ನೋಡಿದರೆ ಎಣ್ಣೆ ಕಡಿಮೆ ಕಾಣಿಸಿತು. ‘ಪುಸ್ತಕದವರಿಗೇ ತಪ್ಪಿರಬೇಕು’ ಎಂದು ಡಬ್ಬಿಯನ್ನು ಪೂರ್ತಿ ಬರಿದುಮಾಡಿದೆವು!

ರಾತ್ರಿ ಊಟವಾದ ಮೇಲೆ ಟಾರ್ಚು ಹಿಡಿದು ನೋಡಿದರೆ ಬೈಕಿನಡಿಯಲ್ಲಿ ಅಂಗೈಯಗಲದ ಎಣ್ಣೆ! ತೊಟ್ಟು ತೊಟ್ಟಾಗಿ ಬೀಳುತ್ತಲೇ ಇತ್ತು. ನಮ್ಮ ಎದೆ ಧಸಕ್ಕೆಂದಿತು. ನೆಲವನ್ನು ಒರೆಸಿ ಸುಮ್ಮನಿದ್ದುಬಿಡೋಣವೇ ಎಂದು ಪಿಸುಮಾತಿನಲ್ಲಿ ಚರ್ಚಿಸಿದ್ದೂ ನಿಜ. ಮರೆಮಾಚುವುದು ಬೇಡ, ನಿಜವನ್ನೇ ಬರೆಯುತ್ತಿದ್ದೇವೆ. ಆದರೆ ಬೆಳಿಗ್ಗೆ ಅದರ ಮೇಲೆ ಕುಳಿತು ಘಾಟಿಯ ತಿರುವುಗಳಲ್ಲಿ ಹೋಗುವವರು ನಮ್ಮ ಅಪ್ಪ. ಎಣ್ಣೆ ಇಳಿದುಹೋದರೆ ಎಂಜಿನು ಜಾಮ್ ಆಗುತ್ತದೆ, ಹಿಂದಿನ ಟಯರಿಗೆ ಹರಿದರೆ ಬೈಕು ಜಾರುತ್ತದೆ. ಮಲಗಿದ್ದ ಅಪ್ಪನನ್ನು ಎಬ್ಬಿಸಿದೆವು.

ಅಪ್ಪ ಬೈಯಲಿಲ್ಲ. ಕುಕ್ಕರಗಾಲಿನಲ್ಲಿ ಕುಳಿತು ನೋಡಿ, “ಬೋಲ್ಟಿನ ವಾಶರ್ ಎಲ್ಲಿ?” ಎಂದರು. ನಾವು ಮುಖ ಮುಖ ನೋಡಿಕೊಂಡೆವು. ವಾಶರ್ ಎಂಬುದೊಂದು ಇತ್ತೆಂಬುದೇ ನಮಗೆ ತಿಳಿದಿರಲಿಲ್ಲ. ಬೋಲ್ಟನ್ನು ಇನ್ನಷ್ಟು ಬಿಗಿಮಾಡೋಣವೇ ಎಂದು ಕೇಳಿದಾಗ, “ಬೇಡ. ಬೋಲ್ಟು ಉಕ್ಕಿನದು, ಎಂಜಿನಿನ ಮೈ ಅಲ್ಯುಮಿನಿಯಮಿನದು. ಅತಿಯಾಗಿ ಬಿಗಿದರೆ ಥ್ರೆಡ್ಡು ಕಿತ್ತುಹೋಗುತ್ತದೆ. ಆಗ ಸಣ್ಣ ತಪ್ಪು ದೊಡ್ಡದಾಗುತ್ತದೆ” ಎಂದರು. ಹಳೆಯ ಎಣ್ಣೆಯ ಬೋಗುಣಿಯಲ್ಲಿ ಕೈಯಾಡಿಸಿದಾಗ ತಳದಲ್ಲಿ ಆ ಪುಟ್ಟ ಬಳೆ ಸಿಕ್ಕಿತು!

ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ಏರಿಸಿ ಕಡ್ಡಿ ನೋಡಿದರೆ, ಅಷ್ಟು ಸೋರಿದ ಮೇಲೂ ಎಣ್ಣೆ ಮೇಲಿನ ಗೆರೆಯನ್ನು ದಾಟಿತ್ತು. ಎಡಕ್ಕೆ ವಾಲಿದ ಬೈಕಿನಲ್ಲಿ ಎಣ್ಣೆಯೂ ಎಡಕ್ಕೆ ಸರಿದು, ಬಲಬದಿಯ ಕಡ್ಡಿಗೆ ಕಡಿಮೆಯಾಗಿ ಕಂಡಿತ್ತಷ್ಟೆ. ಪುಸ್ತಕ ಸರಿಯಾಗಿತ್ತು, ತಪ್ಪಿದವರು ನಾವು. ತೊಳೆದು ಒಣಗಿಸಿದ ಪಾತ್ರೆಗೆ ಹೊಸ ಎಣ್ಣೆಯನ್ನು ಇಳಿಸಿ, ವಾಶರ್ ಹಾಕಿ ಬೋಲ್ಟು ಬಿಗಿದು, 800 ಮಿಲಿಲೀಟರು ಅಳೆದು ಸುರಿದೆವು. ಎರಡು ತಪ್ಪುಗಳೂ ಒಂದೇ ಕೆಲಸದಲ್ಲಿ ಸರಿಯಾದವು. ಗಂಟೆ ಹನ್ನೊಂದಾಗಿತ್ತು. ಅಡಿಯಲ್ಲಿ ಹಾಸಿದ ಪತ್ರಿಕೆಯ ಮೇಲೆ ಬೆಳಿಗ್ಗೆ ಒಂದು ಹನಿಯೂ ಇರಲಿಲ್ಲ.

ಉಳಿದ ಕರಿ ಎಣ್ಣೆಯನ್ನು ತೋಟದ ಕಣಿಗೆ ಸುರಿಯಲು ಅಪ್ಪ ಬಿಡಲಿಲ್ಲ. ನಾವು ಕುಡಿಯುವುದು ಗುಡ್ಡದ ಸುರಂಗದ ನೀರು. ಮಣ್ಣಿಗಿಳಿದ ಎಣ್ಣೆ ನೀರಿಗೂ ಇಳಿದೀತು. ಅದನ್ನು ಖಾಲಿ ಡಬ್ಬಿಯಲ್ಲಿ ತುಂಬಿ, ಹಳೆ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಒಯ್ದು ಕೊಟ್ಟರು.

ಈಗ ಬಿಚ್ಚಿದ ಪ್ರತಿಯೊಂದು ಭಾಗವನ್ನೂ ಕ್ರಮವಾಗಿ ಒಂದು ತಟ್ಟೆಯಲ್ಲಿ ಇಡುತ್ತೇವೆ, ತಾರೀಕನ್ನೂ ಕಿಲೋಮೀಟರನ್ನೂ ಪುಸ್ತಕದಲ್ಲಿ ಬರೆಯುತ್ತೇವೆ. ಗೆಳೆಯರೇ, ಕೆಲಸ ಕಲಿಯುವವನಿಗೆ ತಪ್ಪು ತಪ್ಪಿದ್ದಲ್ಲ. ಆದರೆ ಅದು ಹನಿಯಾಗಿರುವಾಗಲೇ ಹಿರಿಯರಿಗೆ ಹೇಳಿಬಿಡಬೇಕು. ನೆಲವನ್ನು ಒರೆಸಿದ ಮಾತ್ರಕ್ಕೆ ಸೋರುವುದು ನಿಲ್ಲುವುದಿಲ್ಲ.