ದುಧನಿಯಲ್ಲಿ ಮನೆ ನೋಡಿದ್ದು

ಬೆಂಗಳೂರಿನ ಬಾಡಿಗೆಗೆ ಪಿಂಚಣಿ ಸಾಲದು ಎಂಬುದು ಲೆಕ್ಕ ಹಾಕದೆಯೂ ಗೊತ್ತಿತ್ತು. ದುಧನಿ ನನ್ನಾಕೆಯ ತವರಿನ ಕಡೆಯ ಊರು. ನೋಡಿಯೇ ಬಿಡೋಣ ಎಂದು ಸೊಲ್ಲಾಪುರದಲ್ಲಿ ಕಲಬುರಗಿ ಕಡೆಯ ಪ್ಯಾಸೆಂಜರ್ ಹತ್ತಿದೆವು. ಹೊಟಗಿ, ಅಕ್ಕಲಕೋಟೆ ರೋಡ್ ದಾಟಿ ನಾಗಣಸೂರು ಬರುವಷ್ಟರಲ್ಲಿ ಡಬ್ಬಿಯ ಮರಾಠಿ ಇಳಿದು ಕನ್ನಡ ಏರಿತ್ತು. ರಾಜ್ಯ ಮಹಾರಾಷ್ಟ್ರ, ಮಾತು ನಮ್ಮದು. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ದುಧನಿಯಿರುವ ಅಕ್ಕಲಕೋಟೆ ತಾಲೂಕು ಕರ್ನಾಟಕಕ್ಕೆ ಸೇರಲಿ ಎಂದಿತ್ತು, ಸೇರಲಿಲ್ಲ. ಕನ್ನಡವೇನೋ ಉಳಿಯಿತು: ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆಯಾಗಿದ್ದ ಜಯದೇವಿತಾಯಿ ಲಿಗಾಡೆ ಸೊಲ್ಲಾಪುರದವರೇ.

ದುಧನಿಯಲ್ಲಿ ಇಳಿದಾಗ ತೊಗರಿಯ ಸುಗ್ಗಿ. ಮಾರ್ಕೆಟ್ ಯಾರ್ಡಿನಲ್ಲಿ ಹಮಾಲರು ಕೊಕ್ಕೆ ಹಾಕಿ ಚೀಲ ಎಳೆಯುತ್ತಿದ್ದರು. ಅಡತಿ ಅಂಗಡಿಯ ಹಿರಿಯರೊಬ್ಬರು ಅಂಗೈಯಲ್ಲಿ ಕಾಳು ಉಜ್ಜಿ, ಹೊಟ್ಟು ಊದಿ, ಒಂದನ್ನು ಹಲ್ಲಿಗೆ ಕೊಟ್ಟು ಹಸಿ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ ಚಹಾ ಹೇಳಿದರು.

“ಬಾಡಗಿ ಭಾಳ ಕಡಿಮಿರಿ. ಬಾಗ್ಲಾ ತೆರೆದಿಟ್ಟು ಮಲಕೊಂಡ್ರೂ ಅಂಜಿಕಿಲ್ಲ. ಖರೆ, ರಾತ್ರಿ ಎದಿ ಬ್ಯಾನಿ ಬಂತಂದ್ರ ಸೊಲ್ಲಾಪುರಕ್ಕರೆ ಓಡಬೇಕು, ಕಲಬುರ್ಗಿಗರೆ ಓಡಬೇಕು.”

ಊರು ನೋಡಬಂದವರಿಗೆ ಊರಿನವರು ಇಷ್ಟು ನೆಟ್ಟಗೆ ಹೇಳುವುದು ಕಡಿಮೆ. ಸೊಲ್ಲಾಪುರದ ಸರಕಾರಿ ವೈದ್ಯಕೀಯ ಕಾಲೇಜು 1963ರಿಂದ ಇದೆ, ಕಲಬುರಗಿಯಲ್ಲಿ ಈಗ ಜಯದೇವ ಹೃದ್ರೋಗ ಆಸ್ಪತ್ರೆಯಿದೆ. ದುಧನಿ ಹೆಚ್ಚುಕಡಿಮೆ ಎರಡರ ನಡುಮಧ್ಯೆ. ಹಗಲಲ್ಲಿ ಅದು ಅನುಕೂಲ, ನಡುರಾತ್ರಿಯಲ್ಲಿ ಎರಡೂ ದೂರ.

ಗಡಿ ಕಣ್ಣಿಗೆ ಕಾಣದು, ಕಾಗದದಲ್ಲಿ ಎದ್ದು ನಿಲ್ಲುತ್ತದೆ. ಇಲ್ಲಿನವರಾದರೆ ನನ್ನಾಕೆಗೆ 2023ರಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಬಸ್ಸು ತಪ್ಪುತ್ತದೆ, ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ ಅರ್ಧ ಟಿಕೆಟ್ ಸಿಗುತ್ತದೆ. 75 ದಾಟಿದರೆ ಅದೂ ಬೇಡ. ಎರಡು ಎಕರೆ ಹೊಲದ ಆಸೆ ನನ್ನದು. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ಬಳಿಕ ರೈತನಲ್ಲದವನೂ ಹೊಲ ಕೊಳ್ಳಬಹುದು, ಮಹಾರಾಷ್ಟ್ರದಲ್ಲಿ ರೈತನೇ ಆಗಿರಬೇಕು. ಮನೆ ಜಾಗ ಕೊಳ್ಳುವುದಾದರೂ ಎನ್.ಎ., ಅಂದರೆ ಕೃಷಿಯೇತರ, ಆಗಿದೆಯೇ ನೋಡಬೇಕು, ನಮ್ಮ ಪಹಣಿಯ ಜಾಗದಲ್ಲಿರುವ ಸಾತ್‌ಬಾರಾ ಉತಾರವೂ ಮರಾಠಿಯಲ್ಲಿ. ನಾನು ತಡವರಿಸಿ ಓದುವಷ್ಟರಲ್ಲಿ ನನ್ನಾಕೆ ಓದಿ ಮುಗಿಸಿದ್ದಳು.

ಅಕ್ಕಲಕೋಟೆಯನ್ನೂ ನೋಡಿದೆವು. ಸ್ವಾಮಿ ಸಮರ್ಥರು 1878ರಲ್ಲಿ ಸಮಾಧಿಯಾದ ಊರು. ಅನ್ನಛತ್ರದಲ್ಲಿ ಪ್ರಸಾದ ಉಂಡು ತೃಪ್ತಿಯಾಯಿತು, ಆದರೆ ಗುರುವಾರದ ಗದ್ದಲ ನೋಡಿ ನನ್ನಾಕೆ “ದರ್ಶನಕ್ಕ ಬರೋಣ, ಇರಾಕ ಬ್ಯಾಡ್ರಿ” ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ದುಧನಿಯಲ್ಲಿ ನಾವು ಕೊಳ್ಳುವುದಿಲ್ಲ, ಬಾಡಿಗೆಗೆ ಇರುತ್ತೇವೆ. ಈ ಸೀಮೆಯಲ್ಲಿ ನೆಲೆಸುವ ಯೋಚನೆ ನಿಮಗೂ ಇದ್ದರೆ ಸುಗ್ಗಿಯಲ್ಲಿ ಬಂದು ಮರುಳಾಗಬೇಡಿ. ಮೇ ತಿಂಗಳ ಬಿಸಿಲಿನಲ್ಲಿ ಬನ್ನಿ, ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಓಣಿಯ ಹೆಂಗಸರನ್ನು ಕೇಳಿ, ರಾತ್ರಿ ಕರೆದರೆ ಬರುವ ಗಾಡಿಯವನ ನಂಬರ್ ಬರೆದಿಟ್ಟುಕೊಳ್ಳಿ. ಮನೆ ನೋಡುವುದು ಆಮೇಲೆ.